ಜೋಡುನಳಿಗೆ ಕೋವಿಯ ಕೀಲು ಮತ್ತು ಅಗುಳಿಗಳ ಸವೆತ, ಅದರ ಪರೀಕ್ಷೆ ಮತ್ತು ದುರಸ್ತಿ

(ಬೆಳೆ ಕಾಯುವ ಕೋವಿಯುಳ್ಳ ರೈತರಿಗೂ ಗ್ರಾಮದ ಮುಖಂಡರಿಗೂ ತಿಳುವಳಿಕೆ)

1. ಪೀಠಿಕೆ

ಮಲೆನಾಡಿನ ಸೀಮೆಗಳಲ್ಲಿ ಬತ್ತದ ತೆನೆಯು ಹಾಲುಗಟ್ಟಿದ ದಿನದಿಂದ ಕುಯ್ಲು ಮುಗಿಯುವವರೆಗೂ ರೈತನಿಗೆ ರಾತ್ರಿಯ ನಿದ್ರೆ ಇಲ್ಲ. ಒಂದು ಹಿಂಡು ಕಾಡುಹಂದಿಯು ಒಂದೇ ರಾತ್ರಿಯಲ್ಲಿ ಗದ್ದೆಯ ಒಂದು ಮೂಲೆಯನ್ನು ನೆಲಸಮ ಮಾಡಿಬಿಡುವುದುಂಟು. ಆದಕಾರಣ ಅಟ್ಟಣೆಯ ಮೇಲೆ ಕಾವಲು ಕೂರುವುದೂ, ತಮಟೆ, ಬೆಂಕಿ, ಕೋವಿಯ ಸದ್ದು ಇವುಗಳಿಂದ ಮೃಗಗಳನ್ನು ಬೆದರಿಸಿ ಓಡಿಸುವುದೂ ಹಿಂದಿನಿಂದ ನಡೆದುಬಂದಿರುವ ಪದ್ಧತಿ.

ಹೀಗೆ ಕಾವಲು ಕೂರುವವನ ಕೈಯಲ್ಲಿರುವ ಕೋವಿಯು ಅನೇಕ ಮನೆಗಳಲ್ಲಿ ತಂದೆಯ ಅಥವಾ ಅಜ್ಜನ ಕಾಲದ್ದಾಗಿರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿಯೋ ಬೆಲ್ಜಿಯಂ ದೇಶದ ಲಿಯೇಜ್ ಪಟ್ಟಣದಲ್ಲಿಯೋ ತಯಾರಾದ ಹಳೆಯ ಜೋಡುನಳಿಗೆ ಕೋವಿಗಳು ಒಳ್ಳೆಯ ಉಕ್ಕಿನಿಂದ, ಕೈಗೆಲಸದಿಂದ ಮಾಡಿದವು. ಸರಿಯಾಗಿ ನೋಡಿಕೊಂಡರೆ ನೂರು ವರ್ಷ ಬಾಳುವುವು. ಆದರೆ ಹೊರಗೆ ಮಿರುಗುವ ಕೋವಿಯ ಒಳಗೆ ಕೀಲು ಸವೆದಿರಬಹುದು. ಅಂತಹ ಕೋವಿಯು ಹಂದಿಗಿಂತ ಹೆಚ್ಚಾಗಿ ಹಿಡಿದವನಿಗೇ ಅಪಾಯಕಾರಿ. ಸವೆತವನ್ನು ಮನೆಯಲ್ಲಿಯೇ ಕಂಡುಹಿಡಿಯುವ ಬಗೆ ಯಾವುದು, ಯಾವ ದುರಸ್ತಿಯನ್ನು ಯಾರಿಂದ ಮಾಡಿಸಬೇಕು, ಯಾವುದನ್ನು ಎಂದಿಗೂ ಮಾಡಿಸಕೂಡದು ಎಂಬುದನ್ನು ಈ ಕರಪತ್ರದಲ್ಲಿ ವಿವರಿಸಲಾಗಿದೆ.

2. ಕೋವಿಯನ್ನು ಬಿಗಿಯುವ ಭಾಗಗಳು

ಹಿಂದೆ ಕೇಪಿನ ಕೋವಿಗಳಿಗೆ ಮದ್ದುಗುಂಡುಗಳನ್ನು ನಳಿಗೆಯ ಬಾಯಿಂದಲೇ ತುಂಬುತ್ತಿದ್ದುದರಿಂದ ಹಿಂಬದಿಯು ಶಾಶ್ವತವಾಗಿ ಮುಚ್ಚಿಯೇ ಇರುತ್ತಿತ್ತು. 1830ರ ದಶಕದಲ್ಲಿ ಫ್ರಾನ್ಸ್ ದೇಶದ ಲೆಫೋಷೋ ಎಂಬಾತನು ನಳಿಗೆಯು ಕೀಲಿನ ಮೇಲೆ ಬಾಗಿ ಹಿಂದಿನಿಂದ ತೋಟಾ ಹಾಕಿಸಿಕೊಳ್ಳುವ ಕೋವಿಯನ್ನು ಪ್ರಚಾರಕ್ಕೆ ತಂದನು. ಕೋವಿಯು ತೆರೆಯುವಂತಾದ ಮೇಲೆ, ಅದನ್ನು ಭದ್ರವಾಗಿ ಮುಚ್ಚಿಡುವುದು ಹೇಗೆಂಬ ಪ್ರಶ್ನೆಯು ಹುಟ್ಟಿತು. 1859ರಲ್ಲಿ ಹೆನ್ರಿ ಜೋನ್ಸ್ ಎಂಬಾತನು ಕೆಳಗಿನ ಸನ್ನೆಯಿಂದ ತಿರುಗಿಸಿ ಬಿಗಿಯುವ ತಿರುಪಿನ ಬೀಗವನ್ನೂ, 1863ರಲ್ಲಿ ಲಂಡನ್ನಿನ ಜೇಮ್ಸ್ ಪರ್ಡಿಯು ಹಿಂದೆ ಮುಂದೆ ಜಾರುವ ಅಗುಳಿಯನ್ನೂ, 1865ರಲ್ಲಿ ಡಬ್ಲ್ಯು. ಡಬ್ಲ್ಯು. ಗ್ರೀನರ್ ಎಂಬಾತನು ಮೇಲ್ಭಾಗದಲ್ಲಿ ಅಡ್ಡಲಾಗಿ ತೂರುವ ಅಗುಳಿಯನ್ನೂ ಕಂಡುಹಿಡಿದರು. ಆ ಮೇಲೆ ಪ್ರಪಂಚದ ಹೆಚ್ಚಿನ ಜೋಡುನಳಿಗೆ ಕೋವಿಗಳಲ್ಲಿ ಪರ್ಡಿಯ ಜಾರುಗುಳಿಯೇ ರೂಢಿಗೆ ಬಂದಿತು. ಆದ್ದರಿಂದ ಇಲ್ಲಿ ಅದನ್ನೇ ಮುಖ್ಯವಾಗಿ ವಿವರಿಸಿದೆ.

ನಳಿಗೆಗಳನ್ನು ಕಳಚಿ ತಿರುಗಿಸಿ ನೋಡಿದರೆ, ಅವುಗಳ ತಳದಲ್ಲಿ ಎರಡು ಉಕ್ಕಿನ ಹಲ್ಲುಗಳು ಕಾಣುವುವು. ಮುಂದಿನ ಹಲ್ಲಿನ ಮುಂಬದಿಯಲ್ಲಿ ಅರ್ಧಚಂದ್ರಾಕಾರದ ಕೊಕ್ಕೆಯುಂಟು. ಈ ಕೊಕ್ಕೆಯು ಕೋವಿಯ ಉಕ್ಕಿನ ಒಡಲಿನಲ್ಲಿ ಅಡ್ಡಲಾಗಿರುವ ಕೀಲಚ್ಚಿನ ಮೇಲೆ ಕೂರುತ್ತದೆ; ಗಾಡಿಯ ಗುಂಭವು ಅಚ್ಚಿನ ಮೇಲೆ ತಿರುಗುವಂತೆ ನಳಿಗೆಗಳು ಇದರ ಮೇಲೆ ಬಾಗುವುವು. ಎರಡು ಹಲ್ಲುಗಳ ಹಿಂಬದಿಯಲ್ಲಿಯೂ ಒಂದೊಂದು ಕಚ್ಚು ಇರುತ್ತದೆ. ಕೋವಿಯನ್ನು ಮುಚ್ಚಿದಾಗ ಒಡಲಿನೊಳಗಿನ ಅಗುಳಿಯು ಸ್ಪ್ರಿಂಗಿನ ಒತ್ತಡದಿಂದ ಮುಂದಕ್ಕೆ ಜಾರಿ ಈ ಕಚ್ಚುಗಳೊಳಗೆ ಹೊಗುತ್ತದೆ. ಮೇಲಿನ ಸನ್ನೆಯನ್ನು ಹೆಬ್ಬೆರಳಿನಿಂದ ಬಲಕ್ಕೆ ತಳ್ಳಿದರೆ ಅಗುಳಿಯು ಹಿಂದಕ್ಕೆ ಸರಿದು ಕೋವಿಯು ತೆರೆಯುವುದು. ನಳಿಗೆಗಳ ಹಿಂತುದಿಯು ಒತ್ತಿಕೊಳ್ಳುವ ಒಡಲಿನ ನೆಟ್ಟನೆಯ ಭಾಗಕ್ಕೆ ಇಲ್ಲಿ ಎದುರುಗೋಡೆ ಎಂದು ಹೆಸರಿಟ್ಟಿದೆ.

ಕೊಕ್ಕೆಗೂ ಅಗುಳಿಗೂ ಬೇರೆ ಬೇರೆ ಕೆಲಸಗಳುಂಟು. ನಳಿಗೆಗಳು ಎದುರುಗೋಡೆಯನ್ನು ಬಿಟ್ಟು ಮುಂದಕ್ಕೆ ಹೋಗದಂತೆ ತಡೆಯುವುದು ಕೊಕ್ಕೆ ಮತ್ತು ಕೀಲಚ್ಚು. ಅವು ಮೇಲಕ್ಕೆ ಎದ್ದು ತೆರೆದುಕೊಳ್ಳದಂತೆ ತಡೆಯುವುದು ಅಗುಳಿ. ಈ ವ್ಯತ್ಯಾಸವನ್ನು ತಿಳಿದವನಿಗೆ ಕೋವಿಯ ರೋಗವು ಎಲ್ಲಿದೆಯೆಂದು ಗೊತ್ತುಮಾಡುವುದು ಕಷ್ಟವಲ್ಲ.

3. ಈಡು ಹಾರಿದಾಗ ಬೀಳುವ ಭಾರ

12ನೆಯ ಬೋರಿನ 70 ಮಿಲಿಮೀಟರ್ ತೋಟಾಕ್ಕೆ ಯೂರೋಪಿನ ಪ್ರಮಾಣದ ಪ್ರಕಾರ ಗೊತ್ತುಮಾಡಿರುವ ಒತ್ತಡದ ಮೇರೆಯು 740 ಬಾರ್, ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 750 ಕಿಲೋಗ್ರಾಂ. ತೋಟಾದ ತಳದ ವಿಸ್ತೀರ್ಣವು ಸುಮಾರು 3 ಚದರ ಸೆಂಟಿಮೀಟರ್. ಇದನ್ನು ಗುಣಿಸಿದರೆ ಎದುರುಗೋಡೆಯ ಮೇಲೆ 2 ಟನ್ನಿಗೂ ಮೀರಿದ ಭಾರವು ಬೀಳುವ ಸಂಭವವುಂಟೆಂದು ತಿಳಿಯುತ್ತದೆ. 75 ಕಿಲೋ ತೂಗುವ ಸುಮಾರು 30 ಬತ್ತದ ಚೀಲಗಳ ತೂಕ ಇದು. ತೋಟಾದ ಕೊಳವೆಯು ನಳಿಗೆಯ ಗೋಡೆಗೆ ಅಂಟಿಕೊಂಡು ಇದರಲ್ಲಿ ಒಂದು ಪಾಲನ್ನು ತಡೆದರೂ, ಉಳಿದುದೆಲ್ಲವನ್ನೂ ಬೆರಳಿನ ಗಾತ್ರದ ಕೊಕ್ಕೆ ಕೀಲುಗಳೇ ಹೊರಬೇಕು.

ಕೀಲು ಬಿಗಿಯಾಗಿರುವಾಗ ಈ ಭಾರವು ನೂಕು ಮಾತ್ರ. ಕೀಲು ಸಡಿಲವಾಗಿ ಎಡೆ ಬಿಟ್ಟಾಗ ಅದೇ ಭಾರವು ಸುತ್ತಿಗೆಯ ಪೆಟ್ಟಾಗುತ್ತದೆ. ಕಡಾಣಿ ಸಡಿಲವಾದ ಗಾಡಿಯ ಚಕ್ರವು ಮೈಲಿ ಮೈಲಿಗೂ ಹೆಚ್ಚು ಒಲೆಯುವಂತೆ, ಸಡಿಲವಾದ ಕೋವಿಯು ಪ್ರತಿಯೊಂದು ಈಡಿಗೂ ಇನ್ನಷ್ಟು ಬೇಗನೆ ಸವೆಯುತ್ತದೆ. ಎಡೆಯು ಅಧಿಕವಾದರೆ ತೋಟಾದ ತಳಕ್ಕೆ ಆಧಾರವು ತಪ್ಪಿ, ತಳದ ಲೋಹವು ಹರಿದು, ಉರಿಯುವ ಅನಿಲವು ಕಣ್ಣು ಮುಖಗಳಿಗೆ ಹಾಯುವುದು. ಅಗುಳಿಯು ಪೂರ್ತಿಯಾಗಿ ಕಚ್ಚದಿದ್ದರೆ ಈಡಿನೊಡನೆಯೇ ಕೋವಿಯು ತೆರೆದುಕೊಳ್ಳಬಹುದು. ಎರಡು ಸಂದರ್ಭಗಳಲ್ಲಿಯೂ ಮುಖವು ಒಂದು ಗೇಣಿನ ದೂರದಲ್ಲಿರುತ್ತದೆ.

4. ಸವೆತಕ್ಕೆ ಕಾರಣಗಳು

(ಅ) ಮಣ್ಣು, ಮರಳು, ಸುಟ್ಟ ಮದ್ದಿನ ಕಣಗಳು ಕೊಕ್ಕೆಯಲ್ಲಿಯೂ ಒಡಲಿನ ತಳದಲ್ಲಿಯೂ ಸೇರಿ ಸಾಣೆಯ ಪುಡಿಯಂತೆ ಉಕ್ಕನ್ನು ತಿನ್ನುವುದು.

(ಆ) ಕೀಲಚ್ಚಿಗೆ ಜಿಡ್ಡು ಹಾಕದೆ ಒಣದಾಗಿ ಉಪಯೋಗಿಸುವುದು.

(ಇ) ಕೋವಿಯನ್ನು ಠಪ್ಪೆಂದು ಝಾಡಿಸಿ ಮುಚ್ಚುವುದು. ಇದರಿಂದ ಹಲ್ಲು, ಕಚ್ಚು, ಅಗುಳಿ ಮೂರಕ್ಕೂ ಪೆಟ್ಟು ಬೀಳುವುದು.

(ಈ) ಮಳೆಗಾಲದಲ್ಲಿ ಕಾಗದದ ಕೊಳವೆಯ ತೋಟಾಗಳು ತೇವ ಹೀರಿ ಉಬ್ಬುವುವು. ಅವುಗಳನ್ನು ಬಲಾತ್ಕಾರದಿಂದ ತುರುಕಿ ಕೋವಿಯನ್ನು ಅದುಮಿ ಮುಚ್ಚಿದರೆ ನಳಿಗೆಯೇ ಸನ್ನೆಗೋಲಿನಂತಾಗಿ ಕೊಕ್ಕೆಯನ್ನು ಹಿಂಜುವುದು.

(ಉ) ಕೋವಿಗೆ ತಕ್ಕದ್ದಲ್ಲದ ತೋಟಾವನ್ನು ಉಪಯೋಗಿಸುವುದು. ಈ ವಿಷಯದಲ್ಲಿ ಅನೇಕರು ಮೋಸಹೋಗುವರು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹುಭಾಗದವು ಎರಡೂವರೆ ಅಂಗುಲದ, ಎಂದರೆ 65 ಮಿಲಿಮೀಟರಿನ, ತೋಟಾಕ್ಕೆ ಕೊರೆದವು. ಈಗ ಸಾಮಾನ್ಯವಾಗಿ ದೊರೆಯುವುದು 70 ಮಿಲಿಮೀಟರಿನದು. ಈ ಅಳತೆಯು ಹಾರಿಸಿದ ಮೇಲೆ ಬಾಯಿ ಬಿಡಿಸಿಕೊಂಡ ಕೊಳವೆಯ ಉದ್ದವೇ ಹೊರತು, ಹಾರಿಸದ ತೋಟಾದ ಉದ್ದವಲ್ಲ. ಆದ್ದರಿಂದ ಉದ್ದದ ತೋಟಾವು ಗಿಡ್ಡ ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಆದರೆ ಹಾರಿದಾಗ ಕೊಳವೆಯ ಬಾಯಿಗೆ ಬಿಡಿಸಿಕೊಳ್ಳಲು ಸ್ಥಳವಿಲ್ಲದೆ ಒತ್ತಡವು ಏರುತ್ತದೆ. "ಒಳಗೆ ಹೋಯಿತು, ಆದ್ದರಿಂದ ಸರಿ" ಎಂಬ ವಾದವು ತಪ್ಪು. ನಳಿಗೆಯ ತಳದಲ್ಲಿ ಒತ್ತಿರುವ ಮುದ್ರೆಗಳನ್ನು ತಿಳಿದವರಿಂದ ಓದಿಸಿ, ತೋಟಾದ ಉದ್ದವನ್ನೂ, ನಳಿಗೆಯು ಕರಿಮದ್ದಿಗೆ ಮಾತ್ರ ಪರೀಕ್ಷಿತವೋ ಹೊಗೆಯಿಲ್ಲದ ಮದ್ದಿಗೂ ಪರೀಕ್ಷಿತವೋ ಎಂಬುದನ್ನೂ ಬರೆದಿಟ್ಟುಕೊಳ್ಳತಕ್ಕದ್ದು. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಬೆಸೆದ, ಮೈಮೇಲೆ ಹಾವಿನ ಹುರುಪೆಯಂತೆ ಗೆರೆ ಕಾಣುವ ನಳಿಗೆಗಳ ವಿಷಯದಲ್ಲಿ ಇದು ಅತ್ಯಗತ್ಯ.

5. ಮನೆಯಲ್ಲಿ ಮಾಡತಕ್ಕ ಪರೀಕ್ಷೆ

ಮೊದಲು ಕೋವಿಯನ್ನು ತೆರೆದು ಎರಡು ನಳಿಗೆಗಳೂ ಬರಿದಾಗಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡತಕ್ಕದ್ದು. ತೋಟಾಗಳನ್ನು ಬೇರೆ ಕೊಠಡಿಯಲ್ಲಿ ಇಟ್ಟು ಬರತಕ್ಕದ್ದು. ಮಕ್ಕಳನ್ನು ಹತ್ತಿರ ಸೇರಿಸಕೂಡದು. ಅನಂತರ ಕೊಕ್ಕೆ, ಕೀಲಚ್ಚು, ಎದುರುಗೋಡೆ ಇವುಗಳ ಕೊಳೆಯನ್ನು ಒರಸಿ ತೆಗೆಯಬೇಕು. ಏಕೆಂದರೆ ಕೊಳೆಯೂ ಗಟ್ಟಿಯಾದ ಜಿಡ್ಡೂ ಸಡಿಲವನ್ನು ಮರೆಸುವುವು.

ಮೊದಲನೆಯದು, ಅಲುಗಾಟದ ಪರೀಕ್ಷೆ. ನಳಿಗೆಯ ಕೆಳಗಿನ ಮುಂದಿನ ಮರವನ್ನು ಕಳಚಿಡಬೇಕು. ಈ ಮರದ ಸ್ಪ್ರಿಂಗು ನಳಿಗೆಗಳನ್ನು ಹಿಂದಕ್ಕೆ ಒತ್ತಿ ಹಿಡಿದಿರುವುದರಿಂದ, ಅದು ಇರುವಾಗ ಸವೆದ ಕೋವಿಯೂ ಬಿಗಿಯಾಗಿಯೇ ತೋರುತ್ತದೆ. ಹಳೆಯ ಕೋವಿ ಮಾರುವವರು ಇದನ್ನು ಬಲ್ಲರು. ಮರ ಕಳಚಿದ ಮೇಲೆ ಮುಚ್ಚಿದ ಕೋವಿಯ ಹಿಂದಿನ ಮರವನ್ನು ಕಂಕುಳಲ್ಲಿ ಬಿಗಿಹಿಡಿದು, ನಳಿಗೆಗಳನ್ನು ಎಡಬಲಕ್ಕೂ ಮೇಲೆ ಕೆಳಕ್ಕೂ ಮೆಲ್ಲನೆ ಅಲುಗಿಸಬೇಕು. ಮೇಲೆ ಕೆಳಕ್ಕೆ ಅಲುಗಿದರೆ ಅಗುಳಿ ಅಥವಾ ಕಚ್ಚು ಸವೆದಿದೆಯೆಂದೂ, ಎಡಬಲಕ್ಕೆ ಅಲುಗಿದರೆ ಹಲ್ಲಿನ ಪಕ್ಕಗಳು ಸವೆದಿವೆಯೆಂದೂ ತಿಳಿಯತಕ್ಕದ್ದು. ಈ ಸ್ಥಿತಿಯಲ್ಲಿ ಕೋವಿಯನ್ನು ತೆರೆದರೆ ನಳಿಗೆಗಳು ಕಳಚಿ ಬೀಳುವುದರಿಂದ ಒಂದು ಕೈಯನ್ನು ಅವುಗಳ ಮೇಲಿಂದ ತೆಗೆಯಕೂಡದು.

ಎರಡನೆಯದು, ಬೆಳಕಿನ ಪರೀಕ್ಷೆ. ಮುಚ್ಚಿದ ಕೋವಿಯನ್ನು ಕಿಟಕಿಯ ಬೆಳಕಿಗೆ ಅಡ್ಡಲಾಗಿ ಹಿಡಿದು ನಳಿಗೆಗಳಿಗೂ ಎದುರುಗೋಡೆಗೂ ನಡುವಿನ ಸಂದನ್ನು ನೋಡಬೇಕು. ಒಳ್ಳೆಯ ಕೋವಿಯಲ್ಲಿ ಸಂದು ಕೂದಲಿನ ಗೆರೆಯಂತೆ ಕಾಣುವುದೇ ಹೊರತು ಬೆಳಕು ಹಾಯುವುದಿಲ್ಲ. ಬೆಳಕು ಹಾಯ್ದರೆ ಕೊಕ್ಕೆ ಅಥವಾ ಕೀಲಚ್ಚು ಸವೆದು ನಳಿಗೆಗಳು ಮುಂದಕ್ಕೆ ಸರಿದಿವೆ.

ಮೂರನೆಯದು, ಕಾಗದದ ಪರೀಕ್ಷೆ. ಸಾಮಾನ್ಯವಾದ ಬರೆಯುವ ಕಾಗದವು ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ಅದರ ಸಣ್ಣ ಪಟ್ಟಿಯೊಂದನ್ನು ಮುಚ್ಚಿದ ಕೋವಿಯ ಸಂದಿನೊಳಗೆ ತೂರಿಸಲು ಪ್ರಯತ್ನಿಸಬೇಕು. ಪಟ್ಟಿಯು ಅಡ್ಡಿಯಿಲ್ಲದೆ ಹೊಕ್ಕರೆ ಆ ಕೋವಿಯನ್ನು ಅಂದಿನಿಂದಲೇ ಹಾರಿಸುವುದನ್ನು ನಿಲ್ಲಿಸತಕ್ಕದ್ದು.

ನಾಲ್ಕನೆಯದು, ಸನ್ನೆಯ ಪರೀಕ್ಷೆ. ಮುಚ್ಚಿದ ಕೋವಿಯ ಮೇಲಿನ ಸನ್ನೆಯು ಎಲ್ಲಿ ನಿಲ್ಲುವುದೆಂದು ಹಿಂದಿನಿಂದ ನೋಡಬೇಕು. ಹೊಸ ಕೋವಿಗಳಲ್ಲಿ ಅದು ನಡುಗೆರೆಯಲ್ಲಿ ಅಥವಾ ಅದಕ್ಕಿಂತ ತುಸು ಬಲಕ್ಕೆ ನಿಲ್ಲುವುದು. ಅಗುಳಿಯು ಸವೆದಂತೆಲ್ಲ ಹೆಚ್ಚು ಮುಂದಕ್ಕೆ ಜಾರುವುದರಿಂದ ಸನ್ನೆಯು ಎಡಕ್ಕೆ ಸರಿಯುತ್ತ ಹೋಗುವುದು. ನಡುಗೆರೆಯನ್ನು ದಾಟಿ ಎಡಕ್ಕೆ ನಿಂತರೆ ಅಗುಳಿಯ ಆಯುಷ್ಯ ಮುಗಿಯುತ್ತ ಬಂದಿದೆ. ಪ್ರತಿ ವರ್ಷವೂ ಅದರ ಸ್ಥಾನವನ್ನು ಒಂದು ಪುಸ್ತಕದಲ್ಲಿ ಚಿತ್ರಿಸಿಟ್ಟುಕೊಂಡರೆ ಸವೆತದ ವೇಗವು ತಿಳಿಯುವುದು. ಸನ್ನೆಯು ತಾನಾಗಿ ಹಿಂತಿರುಗದೆ ಬೆರಳಿನಿಂದ ತಳ್ಳಬೇಕಾದರೆ, ಸ್ಪ್ರಿಂಗು ಮುರಿದಿದೆ ಅಥವಾ ಒಳಗೆ ಜಿಡ್ಡು ಗಟ್ಟಿಯಾಗಿದೆ. ಅಂತಹ ಕೋವಿಗೆ ತೋಟಾ ಹಾಕಲೇಕೂಡದು.

ಐದನೆಯದು, ಹಾರಿಸಿದ ತೋಟಾಗಳ ಸಾಕ್ಷಿ. ಖಾಲಿ ತೋಟಾದ ತಳದಲ್ಲಿರುವ ಕೇಪು ಹೊರಕ್ಕೆ ಉಬ್ಬಿ ಬಂದಿದ್ದರೆ, ತಳವು ಗುಮ್ಮಟದಂತೆ ಉಬ್ಬಿದ್ದರೆ, ಎದುರುಗೋಡೆಯ ಮೇಲೆ ಮಸಿಯ ನಾಲಗೆಗಳು ಮೂಡಿದ್ದರೆ, ಎಡೆಯಿರುವುದು ಖಂಡಿತ. ಬಾಯಿಲ್ಲದ ಈ ಸಾಕ್ಷಿಗಳನ್ನು ನೋಡದೆ ಎಸೆಯಕೂಡದು.

6. ಸರಿಯಾದ ದುರಸ್ತಿಯ ಕ್ರಮ

ಈ ಕೆಲಸವು ಪರವಾನಗಿ ಪಡೆದ ಕೋವಿ ದುರಸ್ತಿಗಾರನದು. ಆದರೂ ಸರಿಯಾದ ಕ್ರಮವನ್ನು ಮಾಲೀಕನು ತಿಳಿದಿದ್ದರೆ ಕೆಲಸವನ್ನು ಕೇಳಿ ಮಾಡಿಸಿಕೊಳ್ಳಬಹುದು.

ಮೊದಲು ಕೊಕ್ಕೆ ಕೀಲುಗಳ ದುರಸ್ತಿ, ಆ ಮೇಲೆ ಅಗುಳಿಯದು. ಕೊಕ್ಕೆಯನ್ನು ಸರಿಪಡಿಸಿದಾಗ ನಳಿಗೆಗಳು ಹಿಂದಕ್ಕೆ ಬಂದು ಕಚ್ಚುಗಳ ಸ್ಥಾನವೂ ಬದಲಾಗುವುದರಿಂದ, ಅಗುಳಿಯನ್ನು ಮೊದಲೇ ಹೊಂದಿಸಿದರೆ ಆ ಶ್ರಮವು ವ್ಯರ್ಥ. ಕೀಲಚ್ಚು ಬಿಚ್ಚಿ ತೆಗೆಯುವ ಬಗೆಯದಾಗಿದ್ದರೆ ಅದನ್ನು ತೆಗೆದು, ತುಸು ದಪ್ಪನಾದ ಹೊಸ ಅಚ್ಚನ್ನು ಒಳ್ಳೆಯ ಉಕ್ಕಿನಿಂದ ಮಾಡಿ ಕೂರಿಸುವುದು ಉತ್ತಮ ಮಾರ್ಗ. ಅಚ್ಚು ಒಡಲಿನೊಡನೆ ಒಂದೇ ತುಂಡಾಗಿದ್ದರೆ, ಕೊಕ್ಕೆಯ ಸವೆದ ಮುಖದಲ್ಲಿ ಹೊಸ ಉಕ್ಕಿನ ತುಂಡನ್ನು ಗಾಡಿ ಕೊರೆದು ಸೇರಿಸುವುದು, ಅಥವಾ ಸೂಕ್ಷ್ಮವಾದ ವಿದ್ಯುತ್ ಬೆಸುಗೆಯಿಂದ ಲೋಹವನ್ನು ತುಂಬಿ ಮತ್ತೆ ಅರದಿಂದ ರೂಪಿಸುವುದು ರೂಢಿಯಲ್ಲಿದೆ.

ಹೊಂದಿಕೆಯನ್ನು ನೋಡುವ ಬಗೆಯು ಸರಳ. ಸೀಮೆಎಣ್ಣೆ ದೀಪದ ಮಸಿಯನ್ನು ಎದುರುಗೋಡೆಗೂ ಕೀಲಚ್ಚಿಗೂ ತೆಳ್ಳಗೆ ಹಿಡಿಸಿ, ಕೋವಿಯನ್ನು ಮುಚ್ಚಿ ತೆರೆದರೆ, ತಾಗಿದ ಸ್ಥಳದಲ್ಲಿ ಮಾತ್ರ ಮಸಿಯು ಅಂಟಿರುವುದು. ಅಷ್ಟನ್ನು ಮಾತ್ರ ಅರದಿಂದ ಉಜ್ಜಿ, ಮತ್ತೆ ಮಸಿ ಹಿಡಿಸಿ, ಮತ್ತೆ ಮುಚ್ಚಿ, ಎಲ್ಲ ಕಡೆಯೂ ಸಮನಾಗಿ ತಾಗುವವರೆಗೆ ಹತ್ತಾರು ಸಲ ಹೀಗೆ ಮಾಡಬೇಕು. ಒಂದು ಗಂಟೆಯಲ್ಲಿ ಕೀಲು ಬಿಗಿದು ಕೊಡುವೆನೆನ್ನುವವನು ಈ ಕೆಲಸವನ್ನು ಅರಿತವನಲ್ಲ.

ಅಗುಳಿಯ ವಿಷಯದಲ್ಲಿ, ಸವೆದ ಅಗುಳಿಯನ್ನು ತೆಗೆದು ಹೊಸದನ್ನು ಮಾಡಿಸುವುದು ಅಥವಾ ಅದರ ಮುಖಕ್ಕೆ ಲೋಹ ತುಂಬಿಸಿ ಹೊಂದಿಸುವುದು ಸರಿ. ಕೆಲಸ ಮುಗಿದ ಮೇಲೆ ದುರಸ್ತಿಗಾರನು ಕೋವಿಯನ್ನು ಭದ್ರವಾಗಿ ಕಟ್ಟಿ, ದೂರದಿಂದ ಹಗ್ಗ ಎಳೆದು ಹಾರಿಸಿ, ಸಂದನ್ನು ಮತ್ತೆ ಅಳೆದು ತೋರಿಸತಕ್ಕದ್ದು. ಬೆಸುಗೆ ಮಾಡಿದ್ದರೆ ಒತ್ತಡದ ಪ್ರಮಾಣ ಪರೀಕ್ಷೆಗೆ ಮತ್ತೆ ಕಳುಹಿಸಬೇಕೇ ಎಂಬುದನ್ನು ಆತನಿಂದ ಕೇಳಿ ತಿಳಿಯತಕ್ಕದ್ದು.

7. ಎಂದಿಗೂ ಮಾಡಕೂಡದ ಕೆಲಸಗಳು

ಕೊಕ್ಕೆಯ ಅಂಚನ್ನು ಸುತ್ತಿಗೆಯಿಂದಲೂ ಚಾಣದಿಂದಲೂ ಬಡಿದು ಉಬ್ಬಿಸಿ ಬಿಗಿಮಾಡುವುದು ಹಳೆಯ ಮೋಸ. ಹತ್ತಿಪ್ಪತ್ತು ಈಡುಗಳವರೆಗೆ ಕೋವಿಯು ಹೊಸದರಂತೆ ತೋರಿ, ಆ ಮೇಲೆ ಮೊದಲಿಗಿಂತ ಸಡಿಲವಾಗುವುದು. ಕೊಕ್ಕೆಯೊಳಗೆ ತಗಡನ್ನಿಟ್ಟು ತವರದ ಬೆಸುಗೆ ಹಾಕುವುದೂ ಇದೇ ಜಾತಿಯ ಕೆಲಸ.

ನಳಿಗೆಗಳನ್ನಾಗಲಿ ಒಡಲನ್ನಾಗಲಿ ಕುಲುಮೆಗೆ ಹಿಡಿಯುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಎರಡು ನಳಿಗೆಗಳನ್ನು ಕೂಡಿಸುವ ನಡುಪಟ್ಟಿಗಳು ಸಾಮಾನ್ಯವಾಗಿ ತವರದ ಬೆಸುಗೆಯಿಂದ ಅಂಟಿರುವುವು. ಆ ಬೆಸುಗೆಯು 200 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಕರಗುವುದು. ಒಡಲಿನ ಉಕ್ಕಿಗೆ ಕಾರಖಾನೆಯಲ್ಲಿ ಕೊಟ್ಟಿದ್ದ ಹದವೂ ಕುಲುಮೆಯ ಕೆಂಪು ಶಾಖದಲ್ಲಿ ಹಾಳಾಗುವುದು. ಊರಿನ ಕಮ್ಮಾರನು ನೇಗಿಲ ಕುಳಕ್ಕೆ ಹದ ಕೊಡುವುದರಲ್ಲಿ ಎಷ್ಟೇ ನಿಪುಣನಾಗಿರಲಿ, ಈ ಕೆಲಸವನ್ನು ಆತನಿಂದ ಮಾಡಿಸುವುದು ಆತನಿಗೂ ಮಾಲೀಕನಿಗೂ ಕ್ಷೇಮವಲ್ಲ.

8. ವರ್ಷಾವಧಿ ಪಾಲನೆ

ಉಪಯೋಗಿಸಿದ ದಿನವೇ ನಳಿಗೆಗಳನ್ನು ಕಳಚಿ ಒರಸಿ, ಕೊಕ್ಕೆಗೂ ಕೀಲಚ್ಚಿಗೂ ಕಡಲೆಬೇಳೆಯಷ್ಟು ಶುದ್ಧವಾದ ಗ್ರೀಸನ್ನೂ, ಅಗುಳಿಗೆ ಒಂದೆರಡು ತೊಟ್ಟು ಕೋವಿಯ ಎಣ್ಣೆಯನ್ನೂ ಅಥವಾ ಹೊಲಿಗೆ ಯಂತ್ರದ ಎಣ್ಣೆಯನ್ನೂ ಹಾಕಬೇಕು. ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ ಮೊದಲಾದುವು ಒಣಗಿ ಅಂಟಾಗಿ ಅಗುಳಿಯನ್ನು ಹಿಡಿದುಬಿಡುವುವು. ಗಾಡಿಯ ಕೀಲೆಣ್ಣೆಯಲ್ಲಿ ಧೂಳು ಮರಳು ಬೆರೆತಿರುವುದರಿಂದ ಅದೂ ಕೂಡದು.

ಆಯುಧಪೂಜೆಯ ದಿನ, ಕೊಡಗಿನಲ್ಲಾದರೆ ಕೈಲ್‌ಪೊಳ್ದಿನ ದಿನ, ಕೋವಿಗೆ ಹೂವು ಗಂಧ ಏರಿಸುವ ವಾಡಿಕೆಯುಂಟು. ಪೂಜೆಗೆ ಮುಂಚೆ ಮೇಲ್ಕಂಡ ಐದು ಪರೀಕ್ಷೆಗಳನ್ನೂ ಮಾಡಿದರೆ ವರ್ಷಕ್ಕೊಂದು ಸಲ ತಪ್ಪದೆ ಪರೀಕ್ಷೆಯು ನಡೆದಂತಾಗುವುದು. ಪೂಜೆಯಾದ ಮೇಲೆ ಕುಂಕುಮ, ಗಂಧದ ನೀರು ಇವುಗಳನ್ನು ಒರಸಿ ಎಣ್ಣೆ ಹಚ್ಚದಿದ್ದರೆ ಆ ಕಲೆಗಳ ಕೆಳಗೆ ತುಕ್ಕು ಹಿಡಿಯುವುದು.

9. ಕಾನೂನಿನ ವಿಷಯ

1959ರ ಆಯುಧಗಳ ಕಾಯಿದೆಯ 5ನೆಯ ಪ್ರಕರಣದಂತೆ, ಬಂದೂಕುಗಳನ್ನು ದುರಸ್ತಿ ಮಾಡುವ ವೃತ್ತಿಗೆ ಪ್ರತ್ಯೇಕವಾದ ಪರವಾನಗಿಯು ಬೇಕು. ದುರಸ್ತಿಗೆ ಕೊಡುವಾಗ ಕೋವಿಯನ್ನು ಬರಿದು ಮಾಡಿ, ಚೀಲದಲ್ಲಿಟ್ಟು, ತನ್ನ ಪರವಾನಗಿಯೊಡನೆ ಮಾಲೀಕನೇ ಒಯ್ದು, ರಸೀತಿ ಪಡೆಯುವುದು ಕ್ಷೇಮ. ಅದೇ ಕಾಯಿದೆಯ 13ನೆಯ ಪ್ರಕರಣದಲ್ಲಿ ಬೆಳೆಯ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಕೋವಿಗೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದಲ್ಲಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯುಳ್ಳ ಬೇರೆ ನಯನಳಿಗೆಯ ಕೋವಿಗೂ ಪರವಾನಗಿ ಕೊಡಲು ಅವಕಾಶವುಂಟು. ಆದರೆ ಕೋವಿಯ ಪರವಾನಗಿಯು ಮೃಗವನ್ನು ಕೊಲ್ಲುವ ಅನುಮತಿಯಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ಆಧಾರ. ಆ ವಿಷಯದಲ್ಲಿ ಅರಣ್ಯಾಧಿಕಾರಿಗಳನ್ನು ಕೇಳಿಯೇ ನಡೆಯತಕ್ಕದ್ದು.

ದುರಸ್ತಿಯ ವೆಚ್ಚವು ಕೋವಿಯ ಬೆಲೆಯನ್ನು ಮೀರುವುದೆಂದು ಕಂಡರೆ, ಹಳೆಯ ಕೋವಿಯ ಮೇಲಿನ ಅಭಿಮಾನವನ್ನು ಬದಿಗಿಟ್ಟು, ಪರವಾನಗಿ ಅಧಿಕಾರಿಯ ಮೂಲಕ ಅದರ ವಿಲೇವಾರಿ ಮಾಡುವುದು ಲೇಸು. ಅಜ್ಜನ ಕೋವಿಯು ಮನೆಯ ಗೌರವವೆಂಬುದು ನಿಜ. ಮೊಮ್ಮಗನ ಕಣ್ಣು ಅದಕ್ಕಿಂತ ದೊಡ್ಡದು.

10. ಜ್ಞಾಪಕದಲ್ಲಿಡತಕ್ಕ ಅಂಶಗಳು

(1) ಬರಿದಾದ ಕೋವಿಯನ್ನು, ಮುಂದಿನ ಮರ ಕಳಚಿ, ವರ್ಷಕ್ಕೊಂದಾವರ್ತಿ ಪರೀಕ್ಷಿಸಿರಿ.

(2) ಸಂದಿನಲ್ಲಿ ಬೆಳಕು ಹಾಯ್ದರೆ, ಕಾಗದ ಹೊಕ್ಕರೆ, ಸನ್ನೆಯು ಹಿಂತಿರುಗದಿದ್ದರೆ ಹಾರಿಸಬೇಡಿರಿ.

(3) ನಳಿಗೆಯ ಮುದ್ರೆಗೆ ತಕ್ಕ ತೋಟಾವನ್ನೇ ಉಪಯೋಗಿಸಿರಿ. ಉಬ್ಬಿದ ತೋಟಾವನ್ನು ತುರುಕಬೇಡಿರಿ.

(4) ಮೆಲ್ಲನೆ ಮುಚ್ಚಿರಿ. ಕೀಲಿಗೆ ಶುದ್ಧವಾದ ಜಿಡ್ಡು ಹಾಕಿರಿ.

(5) ಬಡಿದು ಬಿಗಿಮಾಡುವುದು, ತಗಡಿಡುವುದು, ಕುಲುಮೆಗೆ ಹಿಡಿಯುವುದು ಇವುಗಳಿಗೆ ಒಪ್ಪಬೇಡಿರಿ.

(6) ಪರವಾನಗಿಯುಳ್ಳ ದುರಸ್ತಿಗಾರನಿಂದಲೇ ಕೆಲಸ ಮಾಡಿಸಿ, ಹಾರಿಸಿ ನೋಡಿದ ಮೇಲೆ ಪಡೆದುಕೊಳ್ಳಿರಿ.

ಗ್ರಾಮದ ಮುಖಂಡರು ಈ ಅಂಶಗಳನ್ನು ಕುಯ್ಲಿನ ಕಾವಲು ಪ್ರಾರಂಭವಾಗುವುದಕ್ಕೆ ಮೊದಲು ಕೋವಿಯುಳ್ಳ ಮನೆಯವರೆಲ್ಲರಿಗೂ ಓದಿ ಹೇಳತಕ್ಕದ್ದು.